ಸೋರುಗಿವಿಯೂ ಕೊಲೆಸ್ಟಿಯಟೋಮವೂ

ಮೈಸೂರಿಗೆ ದಕ್ಷಿಣದಲ್ಲಿ ಕಪಿಲೆಯ ದಡದ ಮೇಲಿರುವ ನಂಜನಗೂಡು, ಅಲ್ಲಿಂದ ಹೊಳೆಯ ಹರಿವನ್ನು ಹಿಡಿದು ಹೋದರೆ ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಇವೆರಡೂ ಸ್ನಾನಕ್ಷೇತ್ರಗಳೆಂದು ಪ್ರಸಿದ್ಧವಾದವು. ನಂಜನಗೂಡಿನ ಸ್ವಾಮಿಗೆ ವೈದ್ಯನೆಂಬ ಬಿರುದೂ ಉಂಟು. ಪಟ್ಟದಾನೆಯ ಕಣ್ಣುಬೇನೆ ಗುಣವಾದುದನ್ನು ಕಂಡು ಟಿಪ್ಪುಸುಲ್ತಾನನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಐತಿಹ್ಯವನ್ನು ಆ ಸೀಮೆಯಲ್ಲಿ ಅರಿಯದವರು ವಿರಳ. ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳವೂ ನಡೆಯುತ್ತ ಬಂದಿದೆ. ಮಧ್ಯೆ ಸಾಂಕ್ರಾಮಿಕದ ಕಾಲದಲ್ಲಿ ನಿಂತು, ಮತ್ತೆ 2025ರ ಫೆಬ್ರವರಿಯಲ್ಲಿ ನಡೆಯಿತು. ಹೀಗೆ ರೋಗನಿವಾರಣೆಗಾಗಿ ಮುಳುಗುಹಾಕುವ ಸಂಪ್ರದಾಯವಿರುವ ನಾಡಿನಲ್ಲಿ, ನೀರಿನಲ್ಲಿ ಮುಳುಗುವುದೇ ಅಪಥ್ಯವಾಗುವ ಒಂದು ರೋಗವನ್ನು ಕುರಿತು ವಿಚಾರಿಸುವುದು ಅಪ್ರಸ್ತುತವಾಗದು. ಆ ರೋಗವು ಸೋರುಗಿವಿಯ ಒಂದು ಭೇದ. ಪಾಶ್ಚಾತ್ಯ ವೈದ್ಯರು ಅದನ್ನು ಕೊಲೆಸ್ಟಿಯಟೋಮವೆಂದು ಕರೆಯುತ್ತಾರೆ.

ಸೋರುಗಿವಿಯನ್ನು ಮನೆಮಂದಿ ರೋಗವೆಂದೇ ಎಣಿಸದಿರುವುದು ಸಾಮಾನ್ಯ. ಮಗುವಿನ ಕಿವಿ ಸೋರಿದರೆ ಹತ್ತಿಯಿಟ್ಟು ಒರಸುವರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡುವರು. ‘ದೊಡ್ಡವನಾದರೆ ತಾನೇ ನಿಲ್ಲುತ್ತದೆ’ ಎನ್ನುವರು. ಬಹುಮಂದಿಯ ವಿಷಯದಲ್ಲಿ ಇದು ಸುಳ್ಳೂ ಆಗುವುದಿಲ್ಲ. ಆದುದರಿಂದಲೇ, ಸುಳ್ಳಾಗುವ ಕೆಲವರ ವಿಷಯದಲ್ಲಿ ಅಪಾಯವು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯು ಬಹುಕಾಲದ ಸೋರುಗಿವಿಯು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚಾಗಿರುವ ದೇಶಗಳ ಸಾಲಿನಲ್ಲಿ ಭಾರತವನ್ನು ಸೇರಿಸಿತ್ತು. ಆ ನಾಲ್ವರಲ್ಲಿ ಹೆಚ್ಚಿನವರದು ಅಪಾಯವಿಲ್ಲದ ಜಾತಿ. ಉಳಿದವರದು ಇಲ್ಲಿ ವಿಚಾರಿಸುವ ಜಾತಿ. ಹೊರಗೆ ನೋಡುವವರಿಗೆ ಎರಡೂ ಸೋರುವ ಕಿವಿಗಳೇ.

ಪ್ರಸಂಗವಶಾತ್ ಒಂದು ಮಾತು. ‘ಕಿವಿ’ ಮತ್ತು ‘ಕೀವು’ ಎಂಬ ಶಬ್ದಗಳು ಧ್ವನಿಯಲ್ಲಿ ಹತ್ತಿರವಾಗಿರುವುದರಿಂದ ಒಂದರಿಂದ ಇನ್ನೊಂದು ಹುಟ್ಟಿತೆಂದು ಭ್ರಮಿಸುವುದುಂಟು. ಅದು ಸರಿಯಲ್ಲ. ತಮಿಳಿನಲ್ಲಿ ಮೊದಲನೆಯದು ‘ಚೆವಿ’, ಎರಡನೆಯದು ‘ಚೀ’. ಎರಡರಲ್ಲಿಯೂ ಕನ್ನಡದ ಕಕಾರಕ್ಕೆ ತಮಿಳಿನ ಚಕಾರವು ಸಮನಾಗಿ ನಿಂತಿದೆ. ಮೂಲದ್ರಾವಿಡದ ಕಕಾರವು ತಾಲವ್ಯಸ್ವರದ ಮುಂದೆ ತಮಿಳಿನಲ್ಲಿ ಚಕಾರವಾಗುವ ನಿಯಮಕ್ಕೆ ಇವು ಬೇರೆಬೇರೆ ಉದಾಹರಣೆಗಳೇ ಹೊರತು ಒಂದೇ ಧಾತುವಿನ ಎರಡು ರೂಪಗಳಲ್ಲ. ಶಬ್ದಗಳಿಗೆ ಇಲ್ಲದ ನಂಟು ದೇಹದಲ್ಲಿ ಉಂಟಾಗಿರುವುದು ದುರ್ದೈವ.

ಇನ್ನು ರೋಗದ ಹೆಸರನ್ನು ಪರೀಕ್ಷಿಸಬೇಕು. ಏಕೆಂದರೆ ಈ ಹೆಸರು ರೋಗಿಯನ್ನು ದಾರಿತಪ್ಪಿಸತಕ್ಕದ್ದು. 1683ರಲ್ಲಿ ಫ್ರಾನ್ಸಿನ ದುವೆರ್ನೆ ಎಂಬ ಅಂಗರಚನಾಶಾಸ್ತ್ರಜ್ಞನು ಕಿವಿಯನ್ನು ಕುರಿತ ತನ್ನ ಗ್ರಂಥದಲ್ಲಿ ಇಂತಹುದೇ ಒಂದು ಗಡ್ಡೆಯನ್ನು ವರ್ಣಿಸಿದ್ದನು. 1829ರಲ್ಲಿ ಕ್ರುವೆಯೇ ಎಂಬವನು ಅದರ ಬಿಳುಪನ್ನೂ ಹೊಳಪನ್ನೂ ಕಂಡು ‘ಮುತ್ತಿನ ಗಡ್ಡೆ’ ಎಂದನು. 1838ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯೂಲರನು ಕೊಟ್ಟ ಹೆಸರೇ ಇಂದಿಗೂ ನಿಂತಿರುವ ಕೊಲೆಸ್ಟಿಯಟೋಮ. ಇದರಲ್ಲಿ ಗ್ರೀಕಿನ ಮೂರು ಪದಗಳುಂಟು: ಮೊದಲನೆಯದಕ್ಕೆ ಪಿತ್ತವೆಂದೂ, ಎರಡನೆಯದಕ್ಕೆ ಮೇದಸ್ಸೆಂದೂ, ಮೂರನೆಯದಕ್ಕೆ ಅರ್ಬುದವೆಂದೂ ಅರ್ಥ. ಸಂಸ್ಕೃತಕ್ಕೆ ತಿರುಗಿಸಿದರೆ ‘ಪಿತ್ತಮೇದೋರ್ಬುದ’ವೆಂಬ ಭಯಂಕರ ಸಮಾಸವಾಗುತ್ತದೆ. ಆದರೆ ಈ ವಸ್ತುವಿನಲ್ಲಿ ಪಿತ್ತವಿಲ್ಲ, ಮೇದಸ್ಸು ಮುಖ್ಯವಲ್ಲ, ಅದು ಅರ್ಬುದವೂ ಅಲ್ಲ. ಮೂರು ಪದಗಳ ಸಮಾಸದಲ್ಲಿ ಮೂರೂ ಪದಗಳು ಹುಸಿಯಾಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಮ್ಯೂಲರನಿಗೆ ಅದರೊಳಗೆ ಕೊಲೆಸ್ಟೆರಾಲಿನ ಹರಳುಗಳು ಕಂಡುದರಿಂದ ಈ ನಾಮಕರಣ ನಡೆಯಿತು.

‘ಕುಶಲ’ನೆಂದರೆ ದರ್ಭೆಯನ್ನು ತರುವವನೆಂದು ಇಂದು ಯಾರೂ ಗ್ರಹಿಸುವುದಿಲ್ಲ. ಹಾಗೆಯೇ ಕೊಲೆಸ್ಟಿಯಟೋಮವನ್ನೂ ಯೋಗಾರ್ಥವನ್ನು ಬಿಟ್ಟು ರೂಢಿಯಿಂದಲೇ ಗ್ರಹಿಸತಕ್ಕದ್ದು. ಅವಯವಾರ್ಥವನ್ನು ಹಿಡಿದವನಿಗೆ ಎರಡು ಕೇಡುಗಳುಂಟು. ರಕ್ತದಲ್ಲಿ ಕೊಬ್ಬು ಹೆಚ್ಚಿದುದರ ಫಲವಿದೆಂದು ತಿಳಿದು ತುಪ್ಪವನ್ನು ಬಿಟ್ಟು ಸುಮ್ಮನಿರಬಹುದು. ಇಲ್ಲವೇ ಕ್ಯಾನ್ಸರೆಂದು ಹೆದರಿ ವೈದ್ಯನ ಬಳಿಗೆ ಹೋಗದೆಯೇ ಇರಬಹುದು. ಇದು ಕ್ಯಾನ್ಸರಲ್ಲ, ದೂರದ ಅಂಗಗಳಿಗೆ ಹರಡುವುದೂ ಇಲ್ಲ. ಕನ್ನಡದಲ್ಲಿ ಹೊಸ ಶಬ್ದವೇ ಬೇಕೆನ್ನುವವರಿಗೆ ಕ್ರುವೆಯೇಯನ್ನು ಅನುಸರಿಸಿದ ‘ಮುತ್ತುಗಂಟು’ ಎಂಬುದು ಮ್ಯೂಲರನ ಶಬ್ದದ ಅನುವಾದಕ್ಕಿಂತ ನಿರ್ದುಷ್ಟವಾಗಿದೆ.

ಹಾಗಾದರೆ ಇದರ ಸ್ವರೂಪವೇನು? ಸ್ಥಾನಭ್ರಷ್ಟವಾದ ಚರ್ಮ, ಇಷ್ಟೆ. ಮಧ್ಯಕರ್ಣದ ಒಳಗೋಡೆಗೆ ಬಾಯಿಯ ಒಳಪೊರೆಯಂತೆ ತೇವವಾದ ಪೊರೆಯಿರುತ್ತದೆ. ಹೊರಗಿವಿಯ ನಾಳಕ್ಕೂ ಕರ್ಣಪಟಲದ ಹೊರಮೈಗೂ ಒಣಚರ್ಮದ ಹೊದಿಕೆಯಿರುತ್ತದೆ. ಚರ್ಮದ ಧರ್ಮ ಹೊಟ್ಟುದುರಿಸುವುದು. ಮೈಮೇಲಿನ ಹೊಟ್ಟು ಸ್ನಾನದಲ್ಲಿ ಹೋಗುತ್ತದೆ. ಕಿವಿಯ ಹೊಟ್ಟಾದರೋ, ಪಟಲದ ನಡುವಿನಿಂದ ಅಂಚಿಗೂ ಅಂಚಿನಿಂದ ಹೊರನಾಳಕ್ಕೂ ದಿನಕ್ಕೆ ಸುಮಾರು 0.1 ಮಿಲಿಮೀಟರಿನಂತೆ ಸರಿಯುತ್ತ ಬಂದು ಗುಗ್ಗೆಯೊಡನೆ ಹೊರಬೀಳುತ್ತದೆ. ಈ ಚರ್ಮವು ಪಟಲವನ್ನು ದಾಟಿ ಒಳಹೊಕ್ಕು ಚೀಲವಾಗಿ ಕುಳಿತರೆ ಹೊಟ್ಟು ಉದುರುತ್ತಲೇ ಇರುತ್ತದೆ, ಹೊರಬರುವ ದಾರಿ ಮಾತ್ರ ಇರುವುದಿಲ್ಲ. ಈರುಳ್ಳಿಯಂತೆ ಪದರದ ಮೇಲೆ ಪದರ ಕೂಡಿ ಚೀಲವು ಹಿಗ್ಗುವುದು.

ಪ್ರಾಚೀನರು ಇದನ್ನು ಅರಿತಿದ್ದರೇ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರದ 20ನೆಯ ಅಧ್ಯಾಯವು ಕರ್ಣರೋಗಗಳು 28 ಎಂದು ಎಣಿಸುತ್ತದೆ. ಅವುಗಳಲ್ಲಿ ಕರ್ಣಸ್ರಾವ, ಪೂತಿಕರ್ಣ, ಕೃಮಿಕರ್ಣಗಳು ಪ್ರಕೃತಕ್ಕೆ ಸಂಬಂಧಪಟ್ಟವು. ಕರ್ಣಸ್ರಾವಕ್ಕೆ ತಲೆಗೆ ಬಿದ್ದ ಪೆಟ್ಟು, ನೀರಿನಲ್ಲಿ ಮುಳುಗುವಿಕೆ, ವಿದ್ರಧಿಯ ಪಾಕ ಎಂಬ ಮೂರು ಕಾರಣಗಳನ್ನು ಸುಶ್ರುತನು ಹೇಳಿರುವನು. ಮುಳುಗುವಿಕೆಯನ್ನು ಕಾರಣಗಳಲ್ಲಿ ಎಣಿಸಿರುವುದು ಗಮನಾರ್ಹ. ದುರ್ಗಂಧವನ್ನೇ ಲಕ್ಷಣವಾಗಿ ಹಿಡಿದು ಪೂತಿಕರ್ಣವನ್ನು ಬೇರೆಯಾಗಿ ಹೆಸರಿಸಿರುವುದಂತೂ ಸೂಕ್ಷ್ಮದೃಷ್ಟಿಯ ಫಲವೇ ಸರಿ. ಅರ್ಬುದಗಳನ್ನೂ ಅವನು ಏಳು ವಿಧವಾಗಿ ಹೇಳಿರುವನು. ಇದನ್ನು ಹಿಡಿದು, ಕರ್ಣಾರ್ಬುದವೇ ಕೊಲೆಸ್ಟಿಯಟೋಮವೆಂದು ಸಾಧಿಸಲು ಹೊರಡುವವರುಂಟು. ಆ ಪಕ್ಷವು ನಿಲ್ಲದು. ಇದು ಅರ್ಬುದವೇ ಅಲ್ಲವೆಂಬುದು ಒಂದು; ಪಟಲದ ಹಿಂದೆ ಅಡಗಿರುವ ಚೀಲವನ್ನು ಬರಿಗಣ್ಣಿನಿಂದ ಕಾಣುವ ಸಾಧನವಿರಲಿಲ್ಲವೆಂಬುದು ಇನ್ನೊಂದು. ನಡುವೆ ತೂತುಳ್ಳ ಕನ್ನಡಿಯಿಂದ ಬೆಳಕನ್ನು ಕಿವಿಯೊಳಗೆ ಬೀಳಿಸಿ ಪಟಲವನ್ನು ನೋಡುವ ಕ್ರಮವು ಯುರೋಪಿನಲ್ಲಿಯೂ ರೂಢಿಗೆ ಬಂದುದು 19ನೆಯ ಶತಮಾನದ ನಡುವಿನಲ್ಲಿ. ಮೇಲಾಗಿ ಕರ್ಣಸ್ರಾವ, ಪೂತಿಕರ್ಣ, ಕೃಮಿಕರ್ಣಗಳಿಗೆ ಚಿಕಿತ್ಸೆಯು ಸಮಾನವೆಂದು ಸುಶ್ರುತನೇ ಹೇಳುತ್ತಾನೆ: ಒರಸುವುದು, ತೊಳೆಯುವುದು, ಧೂಪ ಹಾಕುವುದು, ಔಷಧದಿಂದ ತುಂಬುವುದು. ಇಂದಿನ ಶಾಸ್ತ್ರದ ಸಾರವಾದರೋ ಎರಡು ಬಗೆಯ ಸೋರುಗಿವಿಗಳಿಗೆ ಚಿಕಿತ್ಸೆಯು ಸಮಾನವಲ್ಲವೆಂಬುದೇ. ಪ್ರಾಚೀನರಿಗೆ ಇಲ್ಲದ ಜ್ಞಾನವನ್ನು ಅವರ ಮೇಲೆ ಹೊರಿಸುವುದು ಗೌರವವಲ್ಲ. ಕಿವಿಯನ್ನು ಒಣಗಿಸಿ ಇಡುವುದೇ ಮೊದಲ ಕರ್ತವ್ಯವೆಂದು ಅವರು ಕಂಡುಕೊಂಡುದೇ ಸಾಕಷ್ಟು ಗೌರವಾರ್ಹವಾದುದು.

ಆ ಎರಡು ಬಗೆಗಳ ಭೇದವು ಪಟಲದ ರಚನೆಯಲ್ಲಿದೆ. ಸುಮಾರು 9–10 ಮಿಲಿಮೀಟರು ಅಗಲದ ಈ ಪಟಲದ ಹೆಚ್ಚಿನ ಭಾಗವು ಮೂರು ಪದರಗಳಿಂದ ಕೂಡಿ ಮದ್ದಳೆಯ ಮುಚ್ಚಳದಂತೆ ಬಿಗಿಯಾಗಿರುತ್ತದೆ. ಮೇಲ್ತುದಿಯ ಸ್ವಲ್ಪ ಭಾಗದಲ್ಲಿ ನಡುವಣ ನಾರಿನ ಪದರವು ದುರ್ಬಲವಾದುದರಿಂದ ಅಲ್ಲಿ ಸಡಿಲ. ಪಟಲದ ಹಿಂದಿನ ಕೋಣೆಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪುಗಳೆಂಬ ಮೂರು ಕಿರುಮೂಳೆಗಳಿರುವುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಈ ಕೋಣೆಗೆ ಗಾಳಿಯನ್ನು ಒದಗಿಸುವುದು ಮೂಗಿನ ಹಿಂಭಾಗದಿಂದ ಬರುವ ಯೂಸ್ಟೇಶಿಯನ್ ನಾಳ. ಮಕ್ಕಳಲ್ಲಿ ಅದು ಗಿಡ್ಡವಾಗಿಯೂ ಮಟ್ಟಸವಾಗಿಯೂ ಇರುತ್ತದೆ. ಪದೇಪದೇ ನೆಗಡಿಯಿಂದಲೋ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಯ ಊತದಿಂದಲೋ ನಾಳವು ಕಟ್ಟಿದರೆ ಕೋಣೆಯ ಗಾಳಿಯು ಹೀರಿಹೋಗಿ ಒಳಗಿನ ಒತ್ತಡವು ತಗ್ಗುತ್ತದೆ. ಆಗ ಪಟಲವು ಒಳಕ್ಕೆ ಸೆಳೆಯಲ್ಪಡುವುದು. ಮೊದಲು ಕುಸಿಯುವುದು ಸಡಿಲವಾದ ಮೇಲ್ಭಾಗ, ಇಲ್ಲವೇ ಬಿಗಿಭಾಗದ ಹಿಂದಿನ ಮೇಲ್ಮೂಲೆ. ಕುಸಿತವು ಗುಳಿಯಾಗಿ, ಗುಳಿಯು ಜೇಬಾಗಿ, ಜೇಬಿನ ಕತ್ತು ಕಿರಿದಾಗಿ ಹೊಟ್ಟು ಒಳಗೇ ಸಿಕ್ಕಿಕೊಂಡಿತೆಂದರೆ ಕೊಲೆಸ್ಟಿಯಟೋಮವು ಆರಂಭವಾಯಿತೆಂದೇ ತಿಳಿಯಬೇಕು. ಸೀಳುತಾಳುವಿನ ಮಕ್ಕಳಲ್ಲಿ ಈ ನಾಳವನ್ನು ತೆರೆಯುವ ಸ್ನಾಯುವು ಕೆಲಸಮಾಡದಿರುವುದರಿಂದ ಅವರಿಗೆ ಅಪಾಯವು ಹೆಚ್ಚು.

ಇದಲ್ಲದೆ ಬೇರೆ ಮತಗಳೂ ಉಂಟು. ಪಟಲದ ಅಂಚಿನಲ್ಲಿ ತೂತು ಬಿದ್ದರೆ ಹೊರಚರ್ಮವು ಆ ತೂತಿನ ಮೂಲಕ ಒಳಕ್ಕೆ ತೆವಳುತ್ತದೆಂದು ಹಾಬರ್ಮಾನನು 1888ರಲ್ಲಿ ಹೇಳಿದನು. ಚರ್ಮದ ತಳಪದರವೇ ಉರಿಯೂತದಿಂದ ಕೆರಳಿ ಬೇರುಬಿಟ್ಟಂತೆ ಒಳಗೆ ಇಳಿಯುತ್ತದೆಂಬುದು ಇನ್ನೊಂದು ಮತ. ಒಳಗಿನ ಬೇರೆ ಧಾತುವೇ ಚರ್ಮವಾಗಿ ಮಾರ್ಪಡುತ್ತದೆಂದು ಫಿರ್ಖೋವನಂತಹ ಘನವಿದ್ವಾಂಸನೇ ವಾದಿಸಿದ್ದುಂಟಾದರೂ ಈಗ ಅದಕ್ಕೆ ಹೆಚ್ಚು ಬೆಂಬಲಿಗರಿಲ್ಲ. ಮೊದಲು ಹೇಳಿದ ಕುಸಿತದ ಮತವೇ ಬಹುಪಾಲು ರೋಗಿಗಳಿಗೆ ಹೊಂದುತ್ತದೆ. ಮಿಕ್ಕವು ಕೆಲವೆಡೆ ಮಾತ್ರ. ಇವೆಲ್ಲವೂ ಬಳಿಕ ಬರುವವು. ಹುಟ್ಟಿನಿಂದಲೇ ಬರುವ ಜಾತಿಯು ಬೇರೆ. ಗರ್ಭದಲ್ಲಿ ಮಧ್ಯಕರ್ಣವು ರೂಪುಗೊಳ್ಳುವಾಗ ಕರಗದೆ ಉಳಿದ ಚರ್ಮಕಣವು ಬೆಳೆದು, ತೂತಿಲ್ಲದ ಪಟಲದ ಹಿಂದೆ ಬಿಳಿಯ ಮಣಿಯಂತೆ ಕಾಣುತ್ತದೆ. ಆ ಮಗುವಿನ ಕಿವಿ ಸೋರಿರಬೇಕೆಂಬ ನಿಯಮವೂ ಇಲ್ಲ.

ಚರ್ಮದ ಚೀಲವೊಂದು ಒಳಗಿದ್ದ ಮಾತ್ರಕ್ಕೆ ಇಷ್ಟು ಭಯವೇಕೆಂದರೆ, ಇದು ಮೂಳೆಯನ್ನು ತಿನ್ನುತ್ತದೆ. ಬರಿಯ ಒತ್ತಡದಿಂದ ಮೂಳೆ ಸವೆಯುತ್ತದೆಂದು ಹಿಂದೆ ನಂಬಿದ್ದರು. ಚೀಲದ ಸುತ್ತಣ ಉರಿಯೂತದ ಪದರವು ಸ್ರವಿಸುವ ಕಿಣ್ವಗಳೂ ಇತರ ದ್ರವ್ಯಗಳೂ ಮೂಳೆಯನ್ನು ಕರಗಿಸುವ ಕಣಗಳನ್ನು ಎಬ್ಬಿಸುತ್ತವೆಂಬುದು ಈಗಿನ ನಿಶ್ಚಯ. ಒದ್ದೆಯಾದ ಹೊಟ್ಟಿನಲ್ಲಿ ಸ್ಯೂಡೋಮೋನಾಸ್ ಮೊದಲಾದ ಕ್ರಿಮಿಗಳು ನೆಲಸಿದರೆ ಸವೆತವು ಇನ್ನೂ ತ್ವರಿತವಾಗುತ್ತದೆ. ನೀರು ಶತ್ರುವಾಗುವುದು ಇಲ್ಲಿ. ಮೊದಲು ಸವೆಯುವುದು ಸಾಮಾನ್ಯವಾಗಿ ಅಡಿಗಲ್ಲಿನ ಉದ್ದನೆಯ ಕೊನೆ. ಅಲ್ಲಿಗೆ ಶಬ್ದದ ಸೇತುವೆ ಮುರಿಯಿತು. ಆಚೆಗೆ ನಾಲ್ಕು ದಿಕ್ಕಿನಲ್ಲಿಯೂ ಆಪತ್ತೇ. ಒಳಗೋಡೆಯಲ್ಲಿ ದೇಹದ ಸಮತೋಲವನ್ನು ಕಾಯುವ ಅರ್ಧಚಂದ್ರನಾಳವೂ ಮುಖದ ಸ್ನಾಯುಗಳನ್ನು ಆಳುವ ನರವೂ ಇವೆ. ಮೇಲೆ ತೆಳುವಾದ ಮೂಳೆಯ ಛಾವಣಿಯಾಚೆ ಮೆದುಳು. ಹಿಂದೆ ಮೆದುಳಿನ ರಕ್ತವನ್ನು ಒಯ್ಯುವ ದೊಡ್ಡ ಸಿರೆ. ಒಂದೊಂದನ್ನು ಮುಟ್ಟಿದಾಗಲೂ ಒಂದೊಂದು ಉಪದ್ರವ: ತಲೆಸುತ್ತು, ಬಾಯಿ ಸೊಟ್ಟಗಾಗುವುದು, ಮೆದುಳಿನ ಪೊರೆಯ ಉರಿಯೂತ, ಮೆದುಳಿನಲ್ಲಿ ಕೀವು, ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವುದು.

ಸಾಹಿತ್ಯದ ಅಧ್ಯಾಪಕರಿಗೆ ಇದಕ್ಕೆ ನಿದರ್ಶನವು ಅವರ ಓದಿನಲ್ಲಿಯೇ ದೊರೆಯುತ್ತದೆ. ಐರಿಷ್ ನಾಟಕಕಾರನಾದ ಆಸ್ಕರ್ ವೈಲ್ಡನಿಗೆ ಬಹುದಿನಗಳಿಂದ ಕಿವಿ ಸೋರುತ್ತಿತ್ತು. 1900ರ ಅಕ್ಟೋಬರ್ 10ರಂದು ಪ್ಯಾರಿಸಿನಲ್ಲಿ ಅವನ ಕಿವಿಗೆ ಶಸ್ತ್ರಕ್ರಿಯೆ ನಡೆಯಿತು. ನವೆಂಬರ್ 30ರಂದು ಅವನು ಮೆದುಳಿನ ಸೋಂಕಿನಿಂದ ತೀರಿಕೊಂಡನು. ಅವನ ಮರಣಕ್ಕೆ ಉಪದಂಶವನ್ನು ಕಾರಣವಾಗಿ ಹೇಳುವ ರೂಢಿಯಿತ್ತು. 2000ದಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂದ ಲೇಖನವೊಂದು ಆ ಮಾತನ್ನು ನಿರಾಕರಿಸಿ, ಮಧ್ಯಕರ್ಣದ ರೋಗವೇ, ಅದರಲ್ಲಿಯೂ ಕೊಲೆಸ್ಟಿಯಟೋಮವೇ, ಮೂಲವಾಗಿರಬೇಕೆಂದು ತರ್ಕಿಸಿತು. ಇಲ್ಲಿ ವಿಧಿವಿಲಾಸವೆಂದರೆ ಅವನ ತಂದೆ ಸರ್ ವಿಲಿಯಂ ವೈಲ್ಡನು ಡಬ್ಲಿನ್ನಿನ ಪ್ರಖ್ಯಾತ ಕರ್ಣವೈದ್ಯ. ಅವನು 1853ರಲ್ಲಿ ಪ್ರಕಟಿಸಿದ ಕರ್ಣಶಸ್ತ್ರಗ್ರಂಥದಲ್ಲಿ, ಕಿವಿ ಸೋರುತ್ತಿರುವವರೆಗೆ ಅದರ ಪರಿಣಾಮವು ಎಲ್ಲಿಗೆ ಮುಟ್ಟುವುದೆಂದು ಯಾರೂ ಹೇಳಲಾರರೆಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದನು.

ರೋಗವನ್ನು ಗುರುತಿಸುವುದು ಹೇಗೆ? ಅಪಾಯವಿಲ್ಲದ ಸೋರಿಕೆಯು ಹೇರಳವಾಗಿ, ಲೋಳೆಲೋಳೆಯಾಗಿ, ವಾಸನೆಯಿಲ್ಲದೆ, ನೆಗಡಿಯೊಡನೆ ಬಂದು ಹೋಗುತ್ತದೆ. ಪಟಲದ ತೂತು ನಡುವೆ ಇರುತ್ತದೆ. ಕೊಲೆಸ್ಟಿಯಟೋಮದ ಸೋರಿಕೆಯು ಅಲ್ಪ, ಆದರೆ ಪಕ್ಕದಲ್ಲಿ ಕುಳಿತವರಿಗೆ ತಿಳಿಯುವಷ್ಟು ದುರ್ಗಂಧ. ಕೆಲವೊಮ್ಮೆ ರಕ್ತದ ಎಳೆಯೂ ಉಂಟು. ತರಗತಿಯಲ್ಲಿ ಒಂದು ಮಗುವಿನ ಹತ್ತಿರ ಬೇರೆ ಮಕ್ಕಳು ಕೂರಲೊಲ್ಲದಿದ್ದರೆ ಉಪಾಧ್ಯಾಯರು ಗದರಿಸುವುದಕ್ಕೆ ಮುನ್ನ ಕಾರಣವನ್ನು ವಿಚಾರಿಸುವುದು ಒಳ್ಳೆಯದು. ನೋವಿಲ್ಲವೆಂಬುದು ಸಮಾಧಾನಕ್ಕೆ ಕಾರಣವಲ್ಲ, ಇದು ಬಹುಕಾಲ ನೋವಿಲ್ಲದೆಯೇ ಬೆಳೆಯತಕ್ಕದ್ದು. ಚೆನ್ನಾಗಿ ಕೇಳಿಸುತ್ತದೆಂಬುದೂ ಕಾರಣವಲ್ಲ. ಕಿರುಮೂಳೆ ಮುರಿದ ಕಡೆ ಈ ಚೀಲವೇ ಸೇತುವೆಯಂತೆ ನಿಂತು ಶಬ್ದವನ್ನು ದಾಟಿಸುವುದುಂಟು. ಅಂಥವನಿಗೆ ಶಸ್ತ್ರಕ್ರಿಯೆಯ ಬಳಿಕ ಕೇಳ್ಮೆ ತಗ್ಗಿತೆಂದು ವೈದ್ಯನ ಮೇಲೆ ಕೋಪ ಬರುತ್ತದೆ. ಮುಂಚಿತವಾಗಿ ತಿಳಿಹೇಳದಿದ್ದರೆ ಆ ಕೋಪವು ನ್ಯಾಯವೇ.

ನಿದಾನಶಾಸ್ತ್ರದಲ್ಲಿ ಉಪಶಯವೆಂಬ ಪರೀಕ್ಷೆಯುಂಟು. ಔಷಧದಿಂದ ಶಮನವಾಯಿತೇ ಇಲ್ಲವೇ ಎಂಬುದರಿಂದ ರೋಗವನ್ನು ತಿಳಿಯುವುದು. ಇಲ್ಲಿ ಅದು ಮೋಸಮಾಡುತ್ತದೆ. ಹನಿಮದ್ದಿನಿಂದ ಕ್ರಿಮಿಗಳು ತಗ್ಗಿ ಸೋರಿಕೆಯು ವಾರದಲ್ಲಿ ನಿಂತರೂ ಚೀಲವು ಇದ್ದಲ್ಲೇ ಇರುತ್ತದೆ. ಆದಕಾರಣ ಪ್ರತ್ಯಕ್ಷವೇ ಪ್ರಮಾಣ. ಕಿವಿಯನ್ನು ಹೀರಿ ಶುಚಿಮಾಡಿ ಸೂಕ್ಷ್ಮದರ್ಶಕದಿಂದಲೋ ಎಂಡೋಸ್ಕೋಪಿನಿಂದಲೋ ಪಟಲದ ಮೇಲ್ತುದಿಯನ್ನು ನೋಡಬೇಕು. ಅಲ್ಲಿ ಗುಗ್ಗೆಯಂತೆ ಕಾಣುವ ಹಕ್ಕಳೆಯೊಂದು ಅಂಟಿದ್ದರೆ ಅದನ್ನು ತೆಗೆದ ಮೇಲೆಯೇ ಮಾತನಾಡತಕ್ಕದ್ದು. ಹಲವು ವೇಳೆ ಬಿಳಿಯ ಹೊಟ್ಟು ಅದರ ಹಿಂದೆ ಅಡಗಿರುತ್ತದೆ. 512 ಕಂಪನಗಳ ಶ್ರುತಿಕವೆಯಿಂದ ಕಿವುಡಿನ ಜಾತಿಯೂ ಶ್ರವಣಮಾಪನದಿಂದ ಅದರ ಪ್ರಮಾಣವೂ ತಿಳಿಯುತ್ತದೆ. ಕಿವಿಯ ಮುಂದಿನ ಮೃದ್ವಸ್ಥಿಯನ್ನು ಒತ್ತಿದೊಡನೆ ತಲೆತಿರುಗಿದರೆ ಅರ್ಧಚಂದ್ರನಾಳವು ತೆರೆದಿದೆಯೆಂದು ಶಂಕಿಸಬೇಕು. ಮೂಳೆ ಎಷ್ಟು ಸವೆದಿದೆಯೆಂಬುದನ್ನು ಸಿ.ಟಿ. ಚಿತ್ರವು ತೋರಿಸುತ್ತದೆ. ಎಂ.ಆರ್.ಐ.ಯ ಒಂದು ವಿಶೇಷಕ್ರಮವು ಸುಮಾರು 3 ಮಿಲಿಮೀಟರಿನ ಕೊಲೆಸ್ಟಿಯಟೋಮವನ್ನೂ ಮಿಕ್ಕ ಮಾಂಸದಿಂದ ಬೇರ್ಪಡಿಸಿ ತೋರಿಸಬಲ್ಲುದು.

ಇವಕ್ಕಾಗಿ ಈ ಎರಡು ತಾಲ್ಲೂಕಿನವರು ದೂರ ಹೋಗಬೇಕಾದುದಿಲ್ಲ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಮಾನಸಗಂಗೋತ್ರಿಯಲ್ಲಿದೆ. ಆ ಸಂಸ್ಥೆಯು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿಯೇ ಒಂದು ಸೇವಾಕೇಂದ್ರವನ್ನು ತೆರೆದುದು ಹಳ್ಳಿಗರಿಗೆ ಬಹಳ ಅನುಕೂಲವಾದ ಏರ್ಪಾಡು.

ಚಿಕಿತ್ಸೆಯ ವಿಷಯದಲ್ಲಿ ಹೇಳಬೇಕಾದುದು ಒಂದೇ: ಚೀಲವನ್ನು ಕರಗಿಸುವ ಔಷಧವು ಯಾವ ಪದ್ಧತಿಯಲ್ಲಿಯೂ ಇಲ್ಲ. ಸಿಪ್ರೊಫ್ಲಾಕ್ಸಸಿನ್ ಮೊದಲಾದ ಹನಿಗಳು ಶಸ್ತ್ರಕ್ರಿಯೆಗೆ ಮುನ್ನ ಕಿವಿಯನ್ನು ಒಣಗಿಸಲು ಮಾತ್ರ. ಎಣ್ಣೆಯೂ ಎಲೆಯ ರಸವೂ ಆ ಕೆಲಸವನ್ನೂ ಮಾಡದೆ ಹೊಟ್ಟನ್ನು ನೆನಸಿ ಕ್ರಿಮಿಗಳಿಗೆ ಆಹಾರವಾಗುವವು. ಪಟಲ ಹರಿದ ಕಿವಿಗೆ ಕರ್ಣಪೂರಣವು ಸಲ್ಲದೆಂದು ಇಂದಿನ ಆಯುರ್ವೇದ ಶಾಲಾಕ್ಯದ ಬೋಧನೆಯೂ ಇದೆ.

ಕಿವಿಯ ಹಿಂದಿನ ಮೂಳೆಯನ್ನು ಕ್ರಮಬದ್ಧವಾಗಿ ತೆರೆಯುವ ಶಸ್ತ್ರಕ್ರಿಯೆಯನ್ನು ಜರ್ಮನಿಯ ಶ್ವಾರ್ಟ್ಸೆಯು 1873ರಲ್ಲಿ ಪ್ರಕಟಿಸಿದನು. ಅನಂತರ ನಾಳದ ಗೋಡೆಯನ್ನೂ ಕಿರುಮೂಳೆಗಳನ್ನೂ ತೆಗೆದು ಎಲ್ಲವನ್ನೂ ಒಂದೇ ಗುಹೆಯಾಗಿ ಮಾಡುವ ಪದ್ಧತಿ ಬಂದಿತು. ಪ್ರಾಣ ಉಳಿಯುತ್ತಿತ್ತು, ಕೇಳ್ಮೆ ಹೋಗುತ್ತಿತ್ತು. 1910ರಲ್ಲಿ ಬಾಂಡಿಯು ಉಪಯೋಗವುಳ್ಳ ಭಾಗಗಳನ್ನು ಉಳಿಸುವ ಕ್ರಮವನ್ನು ಹೇಳಿದನು. 1950ರ ದಶಕದಲ್ಲಿ ಶಸ್ತ್ರಕ್ರಿಯೆಯ ಸೂಕ್ಷ್ಮದರ್ಶಕವು ಬಂದು, ವುಲ್‌ಸ್ಟೈನ್ ಮತ್ತು ತ್ಸೋಲ್ನರರು ಪಟಲವನ್ನು ಮರಳಿ ಕಟ್ಟುವ ವಿದ್ಯೆಯನ್ನು ಬೆಳೆಸಿದರು. ಈಗ ಕಪೋಲದ ಮೇಲ್ಗಡೆಯ ಸ್ನಾಯುವಿನ ಹೊದಿಕೆಯಿಂದ ಪಟಲವನ್ನು ಕಟ್ಟುವುದು ವಾಡಿಕೆ.

ಇಂದಿಗೂ ತೀರದ ವಿವಾದವು ನಾಳದ ಹಿಂಗೋಡೆಯನ್ನು ಉಳಿಸಬೇಕೇ ತೆಗೆಯಬೇಕೇ ಎಂಬುದು. ಉಳಿಸಿದರೆ ಕಿವಿಯ ಆಕಾರವು ಸಹಜವಾಗಿರುತ್ತದೆ, ಬಳಿಕ ನೀರಿನ ಭಯವೂ ಕಡಿಮೆ. ಆದರೆ ಗೋಡೆಯ ಮರೆಯಲ್ಲಿ ಒಂದು ಚೂರು ಚರ್ಮವು ಉಳಿದುಹೋದರೆ ರೋಗವು ಮರಳುತ್ತದೆ. ಆದುದರಿಂದ ಸಾಮಾನ್ಯವಾಗಿ 9–12 ತಿಂಗಳ ಮೇಲೆ ಎರಡನೆಯ ಸಲ ತೆರೆದು ನೋಡಬೇಕು, ಇಲ್ಲವೇ ಎಂ.ಆರ್.ಐ. ಮಾಡಿಸಬೇಕು. ತೆಗೆದರೆ ರೋಗವು ಮರಳುವುದು ಕಡಿಮೆ, ಮರಳಿದರೂ ಕಣ್ಣಿಗೆ ಕಾಣುತ್ತದೆ. ಆದರೆ ಉಳಿಯುವ ಗುಹೆಯನ್ನು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಜೀವಮಾನವಿಡೀ ಶುಚಿಮಾಡಿಸಬೇಕು. ಗ್ರಂಥದಲ್ಲಿ ಓದುವವರಿಗೆ ಮೊದಲನೆಯದೇ ಶ್ರೇಷ್ಠವೆಂದು ತೋರಬಹುದು. ಆದರೆ ನಾಟಿಯ ಕಾಲವನ್ನೋ ಕೂಲಿಯನ್ನೋ ಬಿಟ್ಟು ಎರಡನೆಯ ಸಲ ಬರಲಾರದ ರೈತನಿಗೆ, ಮರಳಿ ಬಾರದಿದ್ದರೆ ಒಳಗೆ ಏನಾಗುತ್ತಿದೆಯೆಂದು ತಿಳಿಯುವ ಉಪಾಯವೇ ಇಲ್ಲ. ಆದುದರಿಂದ ಅಂಥವರ ವಿಷಯದಲ್ಲಿ ಗೋಡೆಯನ್ನು ತೆಗೆದು ಒಂದೇ ಸಲಕ್ಕೆ ಮುಗಿಸುವುದನ್ನು ನಮ್ಮ ದೇಶದ ಶಸ್ತ್ರವೈದ್ಯರು ಆರಿಸಿಕೊಳ್ಳುವುದು ಅಜ್ಞಾನದಿಂದಲ್ಲ, ವಿವೇಕದಿಂದ. ರೋಗವನ್ನು ಪೂರ್ತಿ ತೆಗೆದು ಕಿವಿಯನ್ನು ಒಣಗಿಸುವುದು ಮೊದಲ ಗುರಿ, ಕೇಳ್ಮೆಯು ಎರಡನೆಯದು. ಕಿರುಮೂಳೆಯ ಜೋಡಣೆಯಿಂದಲೋ ಶ್ರವಣಯಂತ್ರದಿಂದಲೋ ಅದನ್ನು ಆಮೇಲೆ ಸರಿಪಡಿಸಬಹುದು.

ಗೋಡೆ ತೆಗೆದ ಕಿವಿಯುಳ್ಳವರು ಹೊಳೆಯ ಸ್ನಾನದ ವಿಷಯದಲ್ಲಿ ಸೋಂಕಿನ ಭಯವಲ್ಲದೆ ಇನ್ನೊಂದು ಎಚ್ಚರವನ್ನೂ ಇಟ್ಟುಕೊಳ್ಳಬೇಕು. ಅರ್ಧಚಂದ್ರನಾಳವು ಆ ಗುಹೆಯ ಮಗ್ಗುಲಲ್ಲಿಯೇ ಇರುವುದರಿಂದ ದೇಹೋಷ್ಣಕ್ಕಿಂತ ತಣ್ಣಗಿರುವ ನೀರು ಒಳಹೊಕ್ಕ ಕ್ಷಣದಲ್ಲಿಯೇ ಅದರೊಳಗಿನ ದ್ರವವು ಚಲಿಸಿ ತಲೆಯು ಬುಗುರಿಯಂತೆ ತಿರುಗುತ್ತದೆ. ಕಿವಿಗೆ ನೀರು ಬಿಟ್ಟು ಈ ಧರ್ಮವನ್ನು ಪರೀಕ್ಷಿಸಿ ವಿವರಿಸಿದ ವಿಯೆನ್ನಾದ ಬಾರಾನಿಗೆ 1914ರ ನೊಬೆಲ್ ಬಹುಮಾನವು ಸಂದಿತು. ಮನೆಯ ಬಚ್ಚಲಿನಲ್ಲಿ ಹೀಗಾದರೆ ಗೋಡೆ ಹಿಡಿದು ಕೂರಬಹುದು. ಮಾಘದ ಮುಂಜಾವಿನಲ್ಲಿ ಸಂಗಮದ ಹರಿಯುವ ನೀರಿನಲ್ಲಿ ತಲೆ ಮುಳುಗಿಸಿದವನಿಗೆ ಮೇಲು ಯಾವುದು ಕೆಳಗು ಯಾವುದೆಂದು ತಿಳಿಯದೆ ಹೋದರೆ ಹತ್ತಿರದಲ್ಲಿರುವವರಿಗೂ ಅದು ಗೊತ್ತಾಗದು. ಅಂಥವರು ದಡದಲ್ಲಿಯೇ ನಿಂತು ಪ್ರೋಕ್ಷಣೆಯನ್ನು ಮಾಡಿಕೊಳ್ಳತಕ್ಕದ್ದು. ಮನೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುವಾಗ ವ್ಯಾಸಲೀನು ಸವರಿದ ಹತ್ತಿಯುಂಡೆಯನ್ನು ಕಿವಿಗೆ ಇಟ್ಟುಕೊಂಡು, ಬಳಿಕ ಅದನ್ನು ತೆಗೆದು ಬಿಸಾಡಬೇಕು. ಒದ್ದೆಯಾದ ಹತ್ತಿಯನ್ನು ದಿನವಿಡೀ ಕಿವಿಯಲ್ಲಿಯೇ ಬಿಟ್ಟುಕೊಂಡಿರುವುದು ನೀರು ಹೊಗಿಸಿಕೊಂಡುದಕ್ಕಿಂತ ಕಡಿಮೆ ಕೇಡಲ್ಲ.